ಕಡತದ ನೆತ್ತಿಯ ಮೇಲೊಂದು ಸಾಲು

(ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಿಂದ)



ಯಾವ ಕನ್ನಡ ಪುಸ್ತಕವನ್ನೇ ತೆರೆಯಿರಿ, ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕುಗಳು ಯಾರವೆಂದು ಅಚ್ಚಾಗಿರುತ್ತದೆ. ಅಷ್ಟು ಸಾಕು, ಪುಸ್ತಕದ ಹಾಳೆಗಳು ಬಿಡಿಬಿಡಿಯಾಗಿ ಊರು ಸುತ್ತುವುದಿಲ್ಲ. ತಂತ್ರಾಂಶದ ಕಡತಗಳು ಸುತ್ತುತ್ತವೆ. ಒಬ್ಬರು ಬರೆದ ಕಡತವನ್ನು ಇನ್ನೊಬ್ಬರು ಎತ್ತಿ ತಮ್ಮ ಕೆಲಸಕ್ಕೆ ಜೋಡಿಸಿಕೊಳ್ಳುತ್ತಾರೆ. ಹೀಗಾಗಿ ಮುಕ್ತ ತಂತ್ರಾಂಶ ಬರೆಯುವವರಲ್ಲಿ ಪ್ರತಿ ಕಡತದ ನೆತ್ತಿಯ ಮೇಲೂ ಲೈಸೆನ್ಸಿನ ಒಕ್ಕಣೆ ಬರೆಯುವ ರೂಢಿ ಬಂತು.

1991ರಲ್ಲಿ ಹೊರಬಂದ ಜಿಪಿಎಲ್ ಎರಡನೆಯ ಆವೃತ್ತಿಯ ಕೊನೆಯಲ್ಲಿ ಇಂಥದೊಂದು ಮಾದರಿ ಒಕ್ಕಣೆಯಿತ್ತು. ಲೈಸೆನ್ಸಿನ ಪ್ರತಿ ಸಿಗದಿದ್ದರೆ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ನಿಗೆ ಕಾಗದ ಬರೆಯಿರಿ ಎಂದು ಅಂಚೆ ವಿಳಾಸವೂ ಅದರಲ್ಲಿತ್ತು. ಸಂಸ್ಥೆ ಕೇಂಬ್ರಿಜ್‌ನಿಂದ ಬಾಸ್ಟನ್ನಿಗೆ ಹೋಯಿತು, ಬಾಸ್ಟನ್ನಿನಲ್ಲೂ ಬೀದಿ ಬದಲಿಸಿತು. ಸಾವಿರಾರು ಕಡತಗಳು ಮಾತ್ರ ಹಳೆಯ ಬಾಗಿಲನ್ನೇ ತೋರಿಸುತ್ತ ಕುಳಿತವು!

ವಿಳಾಸ ತಪ್ಪಿದ್ದು ಸಣ್ಣ ಮಾತು. ಲಿನಕ್ಸ್ ಕರ್ನಲ್‌ನ 60,537 ಕಡತಗಳನ್ನು 2017ರಲ್ಲಿ ಪರಿಶೀಲಿಸಿದಾಗ, 11,000ಕ್ಕೂ ಹೆಚ್ಚು ಕಡತಗಳಲ್ಲಿ ಲೈಸೆನ್ಸಿನ ಸುದ್ದಿಯೇ ಇರಲಿಲ್ಲ. ಏನೂ ಬರೆದಿಲ್ಲವೆಂದರೆ ಯಾರು ಬೇಕಾದರೂ ಬಳಸಬಹುದು ಎಂದಲ್ಲ. ಕೃತಿಸ್ವಾಮ್ಯ ಬರೆದ ಕ್ಷಣದಲ್ಲೇ ಹುಟ್ಟುತ್ತದೆ. ಅನುಮತಿ ಕಾಣದಿದ್ದರೆ ಅನುಮತಿ ಇಲ್ಲವೆಂದೇ ಲೆಕ್ಕ. ಪುಣ್ಯಕ್ಕೆ ಕರ್ನಲ್‌ಗೆ ಒಟ್ಟಾರೆಯಾಗಿ ಜಿಪಿಎಲ್ ಎರಡನೆಯ ಆವೃತ್ತಿ ಅನ್ವಯವಾಗುತ್ತಿತ್ತು. ಅದನ್ನು ಆಧರಿಸಿ ಈ ಕಡತಗಳ ತಲೆಗೆ ಎಸ್‌ಪಿಡಿಎಕ್ಸ್ ಎಂಬ ಪದ್ಧತಿಯ ಒಂದೇ ಸಾಲಿನ ಗುರುತನ್ನು ಹಾಕಿದರು. ಮನುಷ್ಯರಿಗೂ ಯಂತ್ರಕ್ಕೂ ಓದಲು ಬರುವ ಗುರುತು ಅದು. ಈ ಪದ್ಧತಿ 2021ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು.

ಯಂತ್ರದಿಂದ ಶೋಧಿಸಿದ ಮೇಲೂ ಕೇಟ್ ಸ್ಟೀವರ್ಟ್, ಫಿಲಿಪ್ ಒಂಬ್ರೆಡಾನ್, ಥಾಮಸ್ ಗ್ಲೈಕ್ಸ್‌ನರ್ ಈ ಮೂವರು ಪಟ್ಟಿಯನ್ನು ಕಣ್ಣಾರೆ ಓದಿದರು. ಕೆಲವೆಡೆ ವಕೀಲರನ್ನೂ ಕೇಳಿದರು. ಅದಕ್ಕೆ ಹಿಡಿದದ್ದು 70 ಗಂಟೆಗೂ ಹೆಚ್ಚು. ಕ್ಯಾಟಲಾಗ್ ಮಾಡುವ ನಿಮಗೆ ಈ ದುಡಿಮೆಯ ಬೆಲೆ ಬೇರೆ ಹೇಳಬೇಕಿಲ್ಲ.

ನಿಜವಾದ ಕಗ್ಗಂಟು ಇದ್ದದ್ದು ಒಕ್ಕಣೆ ಇದ್ದ ಕಡತಗಳಲ್ಲಿ. 2019ರಲ್ಲಿ ಉದ್ದುದ್ದ ಒಕ್ಕಣೆಗಳನ್ನು ತೆಗೆದು ಒಂದು ಸಾಲಿಗೆ ಇಳಿಸಹೊರಟಾಗ ನೂರಾರು ಬಗೆಯ ಮಾತುಗಳು ಎದುರಾದವು. ಕೆಲವರು 'ಎರಡನೆಯ ಆವೃತ್ತಿ' ಎಂದಷ್ಟೇ ಬರೆದಿದ್ದರು. ಕೆಲವರು 'ಅಥವಾ ಮುಂದಿನ ಯಾವುದೇ ಆವೃತ್ತಿ' ಎಂದು ಸೇರಿಸಿದ್ದರು. ಆವೃತ್ತಿಯನ್ನೇ ಹೇಳದವರೂ ಇದ್ದರು. 2007ರಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ ಈ ನಾಲ್ಕು ಪದಗಳ ತೂಕ ಹೆಚ್ಚಿತು. ಅವು ಇದ್ದ ಕಡತವನ್ನು ಮೂರನೆಯ ಆವೃತ್ತಿಯ ತಂತ್ರಾಂಶದೊಳಗೆ ಸೇರಿಸಬಹುದು, ಇಲ್ಲದ್ದನ್ನು ಸೇರಿಸಲಾಗದು. ಒಪ್ಪಮಾಡುವ ಭರದಲ್ಲಿ ಅವನ್ನು ಬಿಟ್ಟರೆ ಬರೆದವರು ಕೊಟ್ಟ ಸ್ವಾತಂತ್ರ್ಯವನ್ನು ಕಿತ್ತುಕೊಂಡಂತೆ. ಸೇರಿಸಿದರೆ ಅವರು ಕೊಡದ್ದನ್ನು ಹಂಚಿದಂತೆ. ಅದೂ ಅಲ್ಲದೆ, ಲೈಸೆನ್ಸಿಗೆ ಸಂಬಂಧಿಸಿದ ಸೂಚನೆಗಳನ್ನು ಹಾಗೆಯೇ ಉಳಿಸಬೇಕೆಂದು ಜಿಪಿಎಲ್ ತಾನೇ ಹೇಳುತ್ತದೆ. ಆದ್ದರಿಂದ ಒಂದೊಂದು ಬಗೆಯ ಒಕ್ಕಣೆಯನ್ನೂ ಬೇರೆಬೇರೆ ಕಂತಾಗಿ ವಿಂಗಡಿಸಿ, ಹಲವರ ಕಣ್ಣಿಗೆ ಬೀಳಿಸಿ, ಆಮೇಲೆ ಬದಲಿಸಿದರು. ಕೆಲಸ ನಿಧಾನವಾಯಿತು, ಆಗಲೇಬೇಕಿತ್ತು.

ಇದರ ನಡುವೆ ಒಂದು ತಮಾಷೆ. ಗೊಂದಲ ಕಳೆಯಲು ಹುಟ್ಟಿದ 'ಜಿಪಿಎಲ್-2.0' ಎಂಬ ಗುರುತೇ ಗೊಂದಲ ಹುಟ್ಟಿಸುತ್ತದೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಆಕ್ಷೇಪಿಸಿತು: ಎರಡು ಮಾತ್ರವೋ, ಎರಡರಿಂದ ಮುಂದಕ್ಕೋ? ಅದರ ಬಾಲಕ್ಕೆ 'ಓನ್ಲಿ' ಅಥವಾ 'ಆರ್-ಲೇಟರ್' ಎಂದು ಅಂಟಿಸಬೇಕಾಯಿತು. ಆ ಹೊತ್ತಿಗೆ ಕರ್ನಲ್‌ನ ಸಾವಿರಾರು ಕಡತಗಳಿಗೆ ಬಾಲವಿಲ್ಲದ ಗುರುತು ಬಿದ್ದಾಗಿತ್ತು. ಅಲ್ಲಿ ಈಗಲೂ ಎರಡೂ ಬರಹ ಚಲಾವಣೆಯಲ್ಲಿವೆ.