ಬೇವೂರಿನ ವೇದಿಕೆಯಲ್ಲಿ ಬಿಳಿ ಸೆರಗಿನ ಮಾತು

ಬಾಗಲಕೋಟೆ ಜಿಲ್ಲೆಯ ಬೇವೂರಿನ ಘಟಿಕೋತ್ಸವಕ್ಕೆ ಅತಿಥಿಯಾಗಿ ಬಂದಿದ್ದ ನಿವೃತ್ತ ಸೂಕ್ಷ್ಮಜೀವಿ ವಿಜ್ಞಾನಿ ಅಭಿನಂದನೆಯನ್ನು ಒಂದೇ ಉಸಿರಿಗೆ ಮುಗಿಸಿದರು. ‘ಪದವಿ ಬಂತು, ಚಲೋ ಆತು. ಈಗ ಬಿಳಿ ಸೆರಗಿನ ಬಗ್ಗೆ ಮಾತಾಡೂಣು.’ ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಆಕೆ ಕನ್ನಡಕ ತೆಗೆದು ಅತ್ತಲೇ ನೋಡಿದರು. ‘ನಗೂದು ಮುಗೀಲಿ, ಕಾಯ್ತೇನಿ.’

ಮಾತು ಹಾಲಿನಿಂದ ಶುರುವಾಯಿತು. ಹಾಲು ಹುಳಿಸುವ ಲ್ಯಾಕ್ಟೋಕಾಕಸ್ ಬ್ಯಾಕ್ಟೀರಿಯಾ ತನ್ನ ಎದುರಾಳಿಗಳನ್ನು ಕೊಲ್ಲಲು 34 ಅಮೈನೋ ಆಮ್ಲಗಳ ಪುಟ್ಟ ಸರಪಳಿಯೊಂದನ್ನು ಹೆಣೆಯುತ್ತದೆ. ಅದೇ ನೈಸಿನ್ ಎಂಬ ಪೆಪ್ಟೈಡ್. ಚೀಸ್ ಕೆಡದಂತೆ ಕಾಯಲು ದಶಕಗಳಿಂದ ಬಳಕೆಯಲ್ಲಿದೆ. ಅದು ವೀರ್ಯಾಣುವಿನ ಚಲನೆಯನ್ನೂ ನಿಲ್ಲಿಸುತ್ತದೆಂದು, ಮೊಲಗಳಲ್ಲಿ ಗರ್ಭ ತಡೆಯಿತೆಂದು 2004ರಲ್ಲಿ ವರದಿ ಮಾಡಿದ್ದು ಮುಂಬೈನ ರಾಷ್ಟ್ರೀಯ ಪ್ರಜನನ ಆರೋಗ್ಯ ಸಂಶೋಧನಾ ಸಂಸ್ಥೆಯ ಕೆ.ವಿ.ಆರ್. ರೆಡ್ಡಿ ಅವರ ತಂಡ. ಸೋಂಕು, ಬಸಿರು ಎರಡಕ್ಕೂ ಒಂದೇ ಔಷಧಿ! ಸಭೆ ಚಪ್ಪಾಳೆ ತಟ್ಟಿತು. ಆಕೆಗೆ ಅದು ಹಿಡಿಸಲಿಲ್ಲ.

‘ಮೊಲ ಅಂದೆ ನಾನು. ಹೆಣ್ಣುಮಕ್ಕಳು ಅಂದಿಲ್ಲ.’

ಇಲ್ಲಿಂದ ಭಾಷಣ ಅವರ ಮಾಸ್ತರರ ಕಡೆ ಹೊರಳಿತು; ಹೊರಳಿದ್ದು ಬೇಗ ಮರಳಲಿಲ್ಲ. ಆ ಮಾಸ್ತರು ಶಿಷ್ಯರ ದಾಖಲೆ ಪುಸ್ತಕವನ್ನು ಮೇಜಿನ ಮೇಲೆ ಒಗೆದು ಕೇಳುತ್ತಿದ್ದದ್ದು ಒಂದೇ: ‘ಎಷ್ಟು ಸತ್ತವು ಅಂತ ಬರದೀಯಲ್ಲ, ಉಳದವು ಯಾವು?’ ಯೋನಿಯಲ್ಲಿ ಉಳಿಯಬೇಕಾದ್ದು ಲ್ಯಾಕ್ಟೋಬ್ಯಾಸಿಲಸ್. ಅದು ಲ್ಯಾಕ್ಟಿಕ್ ಆಮ್ಲ ಸುರಿಸಿ ಪಿಎಚ್ ಅನ್ನು 4.5ರ ಕೆಳಗೆ ಹಿಡಿದಿಡುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಕುಂದಿದರೆ ಬೇರೆ ಬ್ಯಾಕ್ಟೀರಿಯಾಗಳು ಹೆಚ್ಚಿ, ಮೀನಿನಂಥ ವಾಸನೆಯ ಸ್ರಾವ ಶುರುವಾಗಬಹುದು. ಕೊಲ್ಲುವುದನ್ನಷ್ಟೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ವೀರ್ಯಾಣುನಾಶಕ ನೊನಾಕ್ಸಿನಾಲ್-9 ಸಾಕ್ಷಿ. ಅದೊಂದು ಮಾರ್ಜಕ. ಪದೇಪದೇ ಬಳಸಿದವರಲ್ಲಿ ಯೋನಿಯ ಒಳಪದರವನ್ನೇ ಕೆರೆದು ಎಚ್‌ಐವಿಗೆ ದಾರಿ ಮಾಡಿತೆಂದು 2000ದಲ್ಲಿ ಗೊತ್ತಾಯಿತು.

ಬಾಗಲಕೋಟೆಯ ಹೆಸರು ಬಂದಾಗ ಧ್ವನಿ ಇಳಿಯಿತು. ಅಲ್ಲಿ ಪರೀಕ್ಷೆಗೆ ಬಂದ ಸೆಲ್ಯುಲೋಸ್ ಸಲ್ಫೇಟ್ ಪೆಪ್ಟೈಡ್ ಅಲ್ಲ, ಹತ್ತಿಯಲ್ಲೂ ಇರುವ ಸೆಲ್ಯುಲೋಸಿನಿಂದ ಮಾಡಿದ ಜೆಲ್. ಆದರೆ ಸೋಂಕು, ಬಸಿರು ಎರಡನ್ನೂ ತಡೆಯುವ ಆಸೆ ಅದರ ಮೇಲೂ ಇತ್ತು. ಬಾಗಲಕೋಟೆ, ಚೆನ್ನೈ ಮತ್ತು ಆಫ್ರಿಕಾದ ಮೂರು ಊರುಗಳ 1398 ಹೆಣ್ಣುಮಕ್ಕಳು ಅದರ ಪ್ರಯೋಗಕ್ಕೆ ಸೇರಿದರು. 2007ರ ಜನವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕೊನೆಯ ಲೆಕ್ಕದಲ್ಲಿ ಔಷಧಿಯ ಜೆಲ್ ಹಚ್ಚಿಕೊಂಡವರಲ್ಲಿ 25 ಮಂದಿಗೆ, ಔಷಧಿಯಿಲ್ಲದ ಜೆಲ್ ಪಡೆದವರಲ್ಲಿ 16 ಮಂದಿಗೆ ಎಚ್‌ಐವಿ. ಆ ಅಂತರ ಆಕಸ್ಮಿಕವೂ ಇದ್ದೀತು, ರಕ್ಷಣೆಯಂತೂ ಸಿಗಲಿಲ್ಲ. ‘ನಮ್ಮ ಜಿಲ್ಲಾದ ಹೆಣ್ಣುಮಕ್ಕಳು ಇದನ್ನ ಜಗತ್ತಿಗೆ ಕಲಿಸ್ಯಾರ. ನಿಮ್ಮ ಪಠ್ಯದಾಗ ಐತೇನು?’ ಯಾರೂ ಉತ್ತರಿಸಲಿಲ್ಲ.

ಆಮೇಲೆ ಸಿಟ್ಟು ಯೋನಿ ತೊಳೆಯುವ ಸುವಾಸನೆಯ ದ್ರಾವಣಗಳ ಮೇಲೆ ತಿರುಗಿತು. ನೈಸರ್ಗಿಕ ಅಂತ ಬರೆದ ಬಾಟಲಿಗೆ ರೊಕ್ಕ ಸುರಿಯುವ ಹುಡುಗಿಯರು ಆಶಾ ಕಾರ್ಯಕರ್ತೆಯೆದುರು ಬಾಯಿ ಬಿಡುವುದಿಲ್ಲವಂತೆ. ಮೊಸರು ಊಟಕ್ಕೆ, ಒಳಗೆ ಹಚ್ಚಲಿಕ್ಕಲ್ಲ. ತುರಿಕೆ, ವಾಸನೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹುಡುಗರಿಗೆ ಸಿಕ್ಕ ಸಲಹೆ ಇಷ್ಟೇ: ನಿರೋಧ್ ಕೊಳ್ಳುವಾಗ ಅದರ ಮೇಲಿನ ದಿನಾಂಕ ನೋಡಿರಿ.

ಸಮಯವಾಯಿತೆಂಬ ಚೀಟಿ ಎರಡು ಸಲ ಬಂತು. ಎರಡನೆಯದರ ಹಿಂಬದಿಯಲ್ಲಿ ಆಕೆ 4.5 ಎಂದು ದೊಡ್ಡದಾಗಿ ಬರೆದು ತೋರಿಸಿದರು. ಆಮೇಲೆ ಚೀಲದಿಂದ ಪಿಎಚ್ ಕಾಗದದ ಪುಸ್ತಿಕೆ ತೆಗೆದು ಮೊದಲ ಸಾಲಿಗೆ ಕೊಟ್ಟರು. ರಾಷ್ಟ್ರಗೀತೆ ಮುಗಿದಾಗ ಅದು ಹುಡುಗಿಯರ ಸಾಲಿನಲ್ಲಿತ್ತು, ಅರ್ಧ ಹಾಳೆಗಳು ಹರಿದಿದ್ದವು.