ಕ್ಲೇರ್ ಉಪಚುನಾವಣೆ: ಗೆದ್ದವರೇ ಕಳೆದುಕೊಂಡ ಮತ



ನೀವು ಮತ ಹಾಕುವ ಜಾಗದಲ್ಲಿ ನಿಮ್ಮ ಬಾಡಿಗೆ ಮನೆಯ ಮಾಲೀಕರ ಕಡೆಯವರು ನಿಂತಿದ್ದಾರೆ ಎಂದುಕೊಳ್ಳಿ. ಅಭ್ಯರ್ಥಿಯ ಹೆಸರನ್ನು ನೀವು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಅವರಿಗೆ ಒಪ್ಪಿಗೆಯಾಗದ ಹೆಸರು ಹೇಳಿದರೆ ಮನೆ ಬಿಡಬೇಕಾಗಬಹುದು. ಆಗ ಏನು ಮಾಡುವಿರಿ? 1828ರಲ್ಲಿ ಐರ್ಲೆಂಡಿನ ಕ್ಲೇರ್ ಎಂಬ ಹಳ್ಳಿಗಾಡಿನ ಕ್ಷೇತ್ರದ ರೈತರ ಮುಂದೆ ಇದೇ ಪ್ರಶ್ನೆ ಇತ್ತು.

ಆಗ ಐರ್ಲೆಂಡ್ ಬ್ರಿಟಿಷರ ಆಳ್ವಿಕೆಯಲ್ಲಿತ್ತು. 1801ರಿಂದ ಅದರ ಪ್ರತಿನಿಧಿಗಳು ಲಂಡನ್ನಿನ ಸಂಸತ್ತಿಗೇ ಹೋಗಬೇಕಿತ್ತು. ಐರಿಷ್ ಜನರಲ್ಲಿ ಬಹುಪಾಲು ಕ್ಯಾಥೊಲಿಕರು. 1793ರಿಂದ ಅವರಿಗೆ ಮತ ಹಾಕುವ ಹಕ್ಕಿದ್ದರೂ ಸಂಸತ್ತಿನಲ್ಲಿ ಕೂರುವ ಹಕ್ಕಿರಲಿಲ್ಲ. ಅಲ್ಲಿ ಕೂರಲು ತಮ್ಮ ಧರ್ಮದ ಮುಖ್ಯ ನಂಬಿಕೆಗಳನ್ನು ನಿರಾಕರಿಸುವ ಪ್ರಮಾಣ ಮಾಡಬೇಕಿತ್ತು.

ವರ್ಷಕ್ಕೆ 40 ಷಿಲಿಂಗ್, ಅಂದರೆ 2 ಪೌಂಡ್ ಬೆಲೆಬಾಳುವ ಜಮೀನನ್ನು ಜೀವಾವಧಿ ಗೇಣಿಗೆ ಪಡೆದ ರೈತನೂ ಮತದಾರನಾಗಿದ್ದ. ಇದರಿಂದ ಲಾಭವಾಗುತ್ತಿದ್ದುದು ಜಮೀನುದಾರರಿಗೇ. ಒಕ್ಕಲುಗಳು ಹೆಚ್ಚಿದಷ್ಟೂ ಅವರ ಕೈಯಲ್ಲಿ ಮತಗಳು ಹೆಚ್ಚುತ್ತಿದ್ದವು.

ಕ್ಲೇರ್ ಸದಸ್ಯ ವೆಸಿ ಫಿಟ್ಜ್‌ಜೆರಾಲ್ಡ್ ಮಂತ್ರಿಯಾದ. ಮಂತ್ರಿಯಾದವರು ಮತ್ತೆ ಚುನಾವಣೆಗೆ ನಿಲ್ಲಬೇಕೆಂಬುದು ಅಂದಿನ ನಿಯಮ. ಆತ ಒಳ್ಳೆಯ ಜಮೀನುದಾರನೆಂದು ಹೆಸರಾಗಿದ್ದ; ಕ್ಯಾಥೊಲಿಕರ ಹಕ್ಕುಗಳನ್ನು ಬೆಂಬಲಿಸಿದ್ದ ಕೂಡ. ಆದರೆ ಸೇರಿದ್ದು ಆ ಹಕ್ಕುಗಳನ್ನು ತಡೆಹಿಡಿದಿದ್ದ ಸರ್ಕಾರವನ್ನು. ಆತನ ಎದುರು ಕಣಕ್ಕಿಳಿದವನು ಕ್ಯಾಥೊಲಿಕ್ ವಕೀಲ ಡೇನಿಯಲ್ ಒ'ಕಾನೆಲ್. ಸಂಸತ್ತಿನಲ್ಲಿ ಕೂರಲಾಗದವನು ಚುನಾವಣೆಗೆ ನಿಲ್ಲಬಾರದೆಂದು ಕಾನೂನು ಹೇಳಿರಲಿಲ್ಲ!

ಆತನ ಹಿಂದೆ 1823ರಲ್ಲಿ ಸ್ಥಾಪನೆಯಾದ ಕ್ಯಾಥೊಲಿಕ್ ಸಂಘವಿತ್ತು. 1824ರಿಂದ ಅದು ಬಡವರಿಂದಲೂ ತಿಂಗಳಿಗೆ ಒಂದು ಪೆನ್ನಿ ವಂತಿಗೆ ಸಂಗ್ರಹಿಸುತ್ತಿತ್ತು. ಜುಲೈ ತಿಂಗಳಲ್ಲಿ ರೈತರು ಪಾದ್ರಿಗಳ ಮುಂದಾಳತ್ವದಲ್ಲಿ ಎನಿಸ್ ಪಟ್ಟಣಕ್ಕೆ ನಡೆದು ಬಂದರು. ಚುನಾವಣೆಯೆಂದರೆ ಕುಡಿತ, ಹೊಡೆದಾಟ ಎಂಬಂತಿದ್ದ ಆ ಕಾಲದಲ್ಲಿ ಅವರು ಮದ್ಯ ಮುಟ್ಟದೆ ಶಿಸ್ತಿನಿಂದಿದ್ದರು. ಪಾದ್ರಿಗಳ ಒತ್ತಡವೂ ಇತ್ತೆಂಬುದನ್ನು ನಾವು ಮರೆಯಬಾರದು. ಬಹಿರಂಗ ಮತದಾನದಲ್ಲಿ ಒತ್ತಡ ಒಂದೇ ಕಡೆಯಿಂದ ಬರುವುದಿಲ್ಲ. ಆದರೂ ಜಮೀನುದಾರನನ್ನು ಎದುರುಹಾಕಿಕೊಂಡರೆ ಗೇಣಿ ಜಮೀನಿಗೇ ಸಂಚಕಾರವೆಂದು ಅವರಿಗೆ ಗೊತ್ತಿತ್ತು. ಒ'ಕಾನೆಲ್‌ಗೆ 2,057 ಮತಗಳು ಬಂದವು, ಫಿಟ್ಜ್‌ಜೆರಾಲ್ಡ್‌ಗೆ 982.

ಅಂದಿನ ಪ್ರಧಾನಿ ಡ್ಯೂಕ್ ಆಫ್ ವೆಲಿಂಗ್ಟನ್. 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದಲ್ಲಿ ಹೋರಾಡಿದ ಆರ್ಥರ್ ವೆಲ್ಲೆಸ್ಲಿಯೇ ಈತ. ಯುದ್ಧ ಕಂಡಿದ್ದ ಈ ಸೇನಾನಿ ಐರ್ಲೆಂಡಿನಲ್ಲಿ ಅಂತರ್ಯುದ್ಧವಾದೀತೆಂದು ಅಂಜಿ ಮಣಿದ. 1829ರ ಏಪ್ರಿಲ್ 13ರಂದು ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವ ಕಾಯ್ದೆ ಜಾರಿಗೆ ಬಂತು. ಹಳೆಯ ಪ್ರಮಾಣವಚನವನ್ನು ಸ್ವೀಕರಿಸಲು ನಿರಾಕರಿಸಿದ ಒ'ಕಾನೆಲ್ ಮತ್ತೊಮ್ಮೆ ಚುನಾವಣೆಗೆ ನಿಂತು, ಅವಿರೋಧವಾಗಿ ಆಯ್ಕೆಯಾಗಿ, 1830ರಲ್ಲಿ ಸಂಸತ್ತಿನಲ್ಲಿ ಕುಳಿತ.

ಆದರೆ ಆತನನ್ನು ಗೆಲ್ಲಿಸಿದ ರೈತರ ಗತಿ? ಆ ಕಾಯ್ದೆಯ ಜೊತೆಯಲ್ಲೇ ಬಂದ ಇನ್ನೊಂದು ಕಾಯ್ದೆ ಮತದಾನದ ಅರ್ಹತೆಯನ್ನು 40 ಷಿಲಿಂಗ್‌ನಿಂದ 10 ಪೌಂಡಿಗೆ, ಅಂದರೆ ಐದು ಪಟ್ಟು ಏರಿಸಿತು. ಜಮೀನುದಾರನ ಮಾತು ಕೇಳುವವರೆಗೂ ಯಾರ ಕಣ್ಣಿಗೂ ಬೀಳದಿದ್ದ ಬಡವನ ಮತ, ಆತ ಸ್ವತಂತ್ರವಾಗಿ ಬಳಸಿದೊಡನೆ ಅಪಾಯಕಾರಿಯಾಗಿ ಕಂಡಿತು! ಒ'ಕಾನೆಲ್‌ಗೂ ಅದನ್ನು ಉಳಿಸಿಕೊಡಲಾಗಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಗುಪ್ತ ಮತದಾನ ಬಂದದ್ದು 1872ರಲ್ಲಿ.

ಮಿತ್ರರೇ, ಹದಿನೆಂಟು ತುಂಬಿದ ಮೇಲೆ ನೀವೂ ಮತಗಟ್ಟೆಗೆ ಹೋಗುತ್ತೀರಿ. ಅಲ್ಲಿ ರಟ್ಟಿನ ಪುಟ್ಟ ಮರೆಯೊಂದು ಇರುತ್ತದೆ. ಆ ಮರೆ ಇಲ್ಲದೆಯೇ ಮತ ಹಾಕಿ, ಮತವನ್ನೇ ಕಳೆದುಕೊಂಡ ಕ್ಲೇರ್‌ನ ರೈತರನ್ನು ಅಂದು ಒಮ್ಮೆ ನೆನೆಯಿರಿ.