ಷೇರುಪೇಟೆಯ ಬಾಗಿಲು ತೆರೆದದ್ದು ಯಾರ ಹಣ?



ಷೇರುಪೇಟೆ ಮುಂಬಯಿಯ ಸಾಹುಕಾರರ ವಿಷಯ, ನಮಗೇಕೆ ಎಂದು ಬಹಳ ಜನ ಕೇಳುತ್ತಾರೆ. ನೀವು ಕಟ್ಟುವ ಜೀವವಿಮೆಯ ಕಂತಿನ ಹಣವೂ ಅಲ್ಲಿಗೆ ಹೋಗುತ್ತದೆ. ಆದುದರಿಂದ ಅದರ ಚರಿತ್ರೆ ನಮಗೂ ಸೇರಿದ್ದು.

1875ರಲ್ಲಿ ಮುಂಬಯಿಯ ದಲ್ಲಾಳಿಗಳು ತಮ್ಮದೊಂದು ಸಂಘ ಕಟ್ಟಿಕೊಂಡರು. ಅಲ್ಲಿಂದ ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯ ಪೇಟೆ ಅವರ ಹಿಡಿತದಲ್ಲಿತ್ತು. ವ್ಯಾಪಾರ ಮಾಡುವವರೂ ಅವರೇ, ವ್ಯಾಪಾರದ ಮೇಲೆ ಕಣ್ಣಿಡಬೇಕಾದವರೂ ಅವರೇ! ಅಂಗಳದಲ್ಲಿ ಕೂಗಿ ಕುದುರಿಸಿದ ದರವೆಷ್ಟು, ತನಗೆ ಹೇಳಿದ ದರವೆಷ್ಟು ಎಂಬುದು ದೂರದ ಊರಿನ ಗಿರಾಕಿಗೆ ತಿಳಿಯುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ಪೇಟೆ ಬೇಕೆಂದು 1991ರಲ್ಲಿ ಫೆರ್ವಾನಿ ಸಮಿತಿ ಹೇಳಿತು. ಮರುವರ್ಷವೇ ಹರ್ಷದ್ ಮೆಹತಾ ಹಗರಣ ಬಯಲಾಗಿ, ಬ್ಯಾಂಕುಗಳ ಹಣ ಸಟ್ಟಾ ವ್ಯಾಪಾರಕ್ಕೆ ಹರಿದದ್ದನ್ನು ಜನ ಕಂಡರು.

ಅದೇ 1992ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಹುಟ್ಟಿತು. ಇದನ್ನು ಕಟ್ಟಿದವರಲ್ಲಿ ಮುಖ್ಯವಾದವು ಕೈಗಾರಿಕಾ ಅಭಿವೃದ್ಧಿ ಬ್ಯಾಂಕು, ಜೀವವಿಮಾ ನಿಗಮ, ಸ್ಟೇಟ್ ಬ್ಯಾಂಕುಗಳಂಥ ಸಾರ್ವಜನಿಕ ಸಂಸ್ಥೆಗಳು ಎಂಬುದನ್ನು ಗಮನದಲ್ಲಿಡಿ. 1994ರ ನವೆಂಬರಿನಲ್ಲಿ ಅಲ್ಲಿ ಷೇರು ವ್ಯಾಪಾರ ಆರಂಭವಾಯಿತು. ಕೂಗಾಟದ ಅಂಗಳವಿಲ್ಲ, ಉಪಗ್ರಹದ ಮೂಲಕ ಊರೂರಿನ ಕಂಪ್ಯೂಟರಿಗೂ ಒಂದೇ ದರ. ಒಳ್ಳೆಯ ದರ ಹೇಳಿದವನಿಗೆ ಮೊದಲ ಪಾಳಿ. ದರ ಸಮವಾದರೆ ಮೊದಲು ಬಂದವನಿಗೆ. ವರ್ಷ ತುಂಬುವಷ್ಟರಲ್ಲಿ ವಹಿವಾಟಿನಲ್ಲಿ ಅದು ಹಳೆಯ ಪೇಟೆಯನ್ನು ಮೀರಿಸಿತು. 1996ರಿಂದ ಷೇರುಗಳು ಕಾಗದ ಬಿಟ್ಟು ಖಾತೆಯ ಲೆಕ್ಕವಾಗತೊಡಗಿದವು. ಖೋಟಾ ಪತ್ರಗಳ ಕಾಟ ತಗ್ಗಿತು. ಪ್ರಾಂತೀಯ ಪೇಟೆಗಳಿಗೆ ಮಾತ್ರ ಕೆಲಸವಿಲ್ಲದಾಯಿತು. 1963ರಲ್ಲಿ ಸ್ಥಾಪನೆಯಾಗಿದ್ದ ಬೆಂಗಳೂರಿನ ಷೇರುಪೇಟೆ 2014ರಲ್ಲಿ ಮುಚ್ಚಿತು.

ಇಲ್ಲಿಯವರೆಗಿನದು ಮೆಚ್ಚತಕ್ಕ ಕಥೆ. ಆದರೆ ಬಾಗಿಲು ಎಲ್ಲರಿಗೂ ತೆರೆದ ಮಾತ್ರಕ್ಕೆ ಒಳಗೆ ಎಲ್ಲರೂ ಸಮಾನರಾಗಲಿಲ್ಲ. 2000ದಲ್ಲಿ ವಾಯಿದೆ ವ್ಯಾಪಾರ ಬಂತು. 2010ರಿಂದ, ಪೇಟೆಯ ಯಂತ್ರದ ಮಗ್ಗುಲಲ್ಲೇ ತಮ್ಮ ಯಂತ್ರ ಇಡಲು ಹಣವುಳ್ಳವರಿಗೆ ಬಾಡಿಗೆಗೆ ಜಾಗ ಸಿಕ್ಕಿತು. ಕಣ್ಣು ಮಿಟುಕಿಸುವುದರೊಳಗೆ ಅವರ ವ್ಯಾಪಾರ ಮುಗಿದಿರುತ್ತದೆ. ಜಿಲ್ಲೆಯ ಊರಿನಲ್ಲಿ ಮೊಬೈಲ್ ಹಿಡಿದು ಕೂತ ಯುವಕ ಅವರೊಡನೆ ಪಂದ್ಯಕ್ಕಿಳಿಯುತ್ತಾನೆ! ಫಲವೇನು? 2024ರಲ್ಲಿ ಸೆಬಿಯೇ ಲೆಕ್ಕ ಕೊಟ್ಟಿತು: ಮೂರು ವರ್ಷಗಳಲ್ಲಿ ದೇಶದಾದ್ಯಂತ ಈ ವಾಯಿದೆ ವ್ಯಾಪಾರ ಮಾಡಿದ ವ್ಯಕ್ತಿಗಳಲ್ಲಿ 100ಕ್ಕೆ 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ದೊಡ್ಡ ಸಂಸ್ಥೆಗಳು ಗಳಿಸಿದ ಲಾಭದ ಬಹುಪಾಲು ಯಂತ್ರಗಳೇ ನಡೆಸಿದ ವ್ಯಾಪಾರದ್ದು.

ಕಾರ್ಖಾನೆಗೆ ಬಂಡವಾಳ ಒದಗಿಸುವುದು ಷೇರುಪೇಟೆಯ ಕೆಲಸ. ಬಡವನ ಉಳಿತಾಯ ಕರಗಿಸುವುದಲ್ಲ. ದಲ್ಲಾಳಿಗಳ ಕೋಟೆಯನ್ನು ಒಡೆದದ್ದು ಸಾರ್ವಜನಿಕ ಹಣ. ಅಲ್ಲಿ ಹೊಸ ಕೋಟೆ ಏಳದಂತೆ ಲೆಕ್ಕ ಕೇಳುವ ಹಕ್ಕು ಆ ಹಣದ ಒಡೆಯರಾದ ನಿಮಗಿದೆ. ಕೇಳಿರಿ.